ಗಣಿತದಲ್ಲಿ ಪದವಿ, ಸ್ನಾತಕೋತ್ತರ ಪದವಿ ಎರಡನ್ನೂ ಸೇರಿಸಿ ಐದು ವರ್ಷಕ್ಕೆ ಪ್ಲಾನ್ ಮಾಡುವುದು ಹೇಗೆ?

ಸೆಕೆಂಡ್ ಪಿಯು ಮುಗಿಸಿ "ನಾನು ಗಣಿತ ಓದುತ್ತೇನೆ" ಅಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, ಇಂಜಿನಿಯರಿಂಗ್ ಯಾಕೆ ಬೇಡ ಅಂತ. ಆ ಚರ್ಚೆ ಇಲ್ಲಿ ಬೇಡ. ಗಣಿತವೇ ಸರಿ ಅಂತ ನಿರ್ಧಾರ ಮಾಡಿದವರಿಗೆ, ಅಥವಾ ಹೆಚ್ಚುಕಡಿಮೆ ಮಾಡಿದವರಿಗೆ ಈ ಬರಹ.

ನಾನು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಒಂದೇ ಮಾತು. ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸ್ ಸೇರಿ, ಇಲ್ಲವೇ ಊರ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ ಬಿಎಸ್‌ಸಿ ಮಾಡಿ ಆಮೇಲೆ ಎರಡು ವರ್ಷ ಎಂಎಸ್‌ಸಿ ಮಾಡಿ, ಮೊದಲ ದಿನದಿಂದಲೇ ಆ ಐದು ವರ್ಷವನ್ನು ಒಂದೇ ಕೋರ್ಸ್ ಅಂತ ಲೆಕ್ಕ ಹಾಕಿ. ಬಿಎಸ್‌ಸಿ ಸೇರಿದವರಲ್ಲಿ ಜಾಸ್ತಿ ಜನ ಎಂಎಸ್‌ಸಿ ಬಗ್ಗೆ ಯೋಚನೆ ಮಾಡುವುದು ಕೊನೆಯ ಸೆಮಿಸ್ಟರ್‌ನಲ್ಲಿ. ಐಐಟಿಗಳ ಎಂಎಸ್‌ಸಿಗೆ ಬೇಕಾದ ಜ್ಯಾಮ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ, ಅದಕ್ಕೆ ಅರ್ಜಿ ತುಂಬುವ ಸಮಯ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಅಂದರೆ ಅವರು ಯೋಚನೆ ಶುರು ಮಾಡುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಬುದ್ಧಿವಂತ ಮಕ್ಕಳು ಬರೀ ತಾರೀಖು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಳ್ಳುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಮೊದಲು: ಇದು ನಿಮಗೆ ಬೇಕಾದ ಗಣಿತವೇ ಅಂತ ನೋಡಿಕೊಳ್ಳಿ

ಪಿಯುನಲ್ಲಿ ನೂರಕ್ಕೆ ನೂರು ತೆಗೆಯುವುದಕ್ಕೂ ಪದವಿಯ ಗಣಿತಕ್ಕೂ ಸಂಬಂಧ ಇದೆ, ಆದರೆ ಅಷ್ಟು ದೊಡ್ಡ ಸಂಬಂಧ ಏನಲ್ಲ. ಪಿಯುನಲ್ಲಿ ಸೂತ್ರ ಗೊತ್ತಿದ್ದು, ಕೈ ಚುರುಕಾಗಿದ್ದರೆ ಸಾಕು. ಪದವಿಯಲ್ಲಿ, ಅದರಲ್ಲೂ ಒಳ್ಳೆಯ ಸಂಸ್ಥೆಯಲ್ಲಿ, ಕೇಳುವುದು "ಇದು ಯಾಕೆ ನಿಜ, ಸಾಧಿಸಿ ತೋರಿಸಿ" ಅಂತ.

ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಒಂದು ಪೂರ್ಣಾಂಕದ ವರ್ಗ ಸಮ ಸಂಖ್ಯೆ ಆದರೆ ಆ ಪೂರ್ಣಾಂಕವೂ ಸಮ ಸಂಖ್ಯೆಯೇ ಆಗಿರಬೇಕು, ಯಾಕೆ? ಉದಾಹರಣೆ ಕೊಡದೆ, ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. ಆಮೇಲೆ ಅದನ್ನೇ ಬಳಸಿ ಎರಡರ ವರ್ಗಮೂಲ ಅಭಾಗಲಬ್ಧ ಅಂತ ಸಾಧಿಸಿ. ಆಮೇಲೆ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆ ಇಲ್ಲ ಅನ್ನುವುದನ್ನು. ಮೊದಲ ಸಲಕ್ಕೆ ಬರದಿದ್ದರೆ ಚಿಂತೆ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ಊಟದ ಹೊತ್ತಿನಲ್ಲೂ ಅದೇ ಯೋಚನೆ ಬಂದು, ಕೊನೆಗೆ ಹೊಳೆದಾಗ ಖುಷಿ ಆಯಿತಾ ಅನ್ನುವುದೇ ಮುಖ್ಯ. ಖುಷಿ ಆದರೆ ಮುಂದೆ ಓದಿ. ಉತ್ತರ ಬೇಗ ಸಿಕ್ಕಿ ಮುಂದಿನ ಲೆಕ್ಕಕ್ಕೆ ಹೋಗುವುದೇ ನಿಮಗೆ ಇಷ್ಟ ಅನ್ನಿಸಿದರೆ ಸಂಖ್ಯಾಶಾಸ್ತ್ರ, ಡೇಟಾ ಸೈನ್ಸ್, ಕಂಪ್ಯೂಟರ್ ಸೈನ್ಸ್ ಕಡೆಗೂ ಒಮ್ಮೆ ನೋಡಿ. ಅವೂ ಒಳ್ಳೆಯ ದಾರಿಗಳೇ.

ಆಮೇಲೆ: ದಾರಿಗಳನ್ನು ಸರಿಯಾಗಿ ತಿಳಿದುಕೊಳ್ಳಿ

ಒಂದೇ ಪ್ರವೇಶದಲ್ಲಿ ಎರಡೂ ಪದವಿ ಸಿಗುವ ಕೋರ್ಸ್‌ಗಳಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು ಐಸರ್, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬ್ರಹ್ಮಪುರ, ಹೀಗೆ 7 ಕಡೆ ಇವೆ. ಕೋರ್ಸ್‌ನ ಹೆಸರು ಬಿಎಸ್-ಎಂಎಸ್, 5 ವರ್ಷ, ಕೊನೆಯ ವರ್ಷ ಪ್ರಬಂಧದ ಕೆಲಸ. ಪ್ರವೇಶಕ್ಕೆ ಐಎಟಿ ಅನ್ನುವ ಪರೀಕ್ಷೆ ಬರೆಯಬೇಕು. ಇಲ್ಲಿ ನಮ್ಮ ಪಿಸಿಎಂಸಿ, ಪಿಸಿಎಂಎಸ್ ಮಕ್ಕಳು ಗಮನಿಸಬೇಕಾದ ಒಂದು ವಿಷಯ ಇದೆ. ಈ ಪರೀಕ್ಷೆಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕಕ್ಕೂ ತಲಾ 15 ಪ್ರಶ್ನೆ ಇಡುತ್ತಾ ಬಂದಿದ್ದಾರೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪಿಯುನಲ್ಲಿ ಬಯಾಲಜಿ ಬಿಟ್ಟವರು ಕಾಲು ಭಾಗ ಪತ್ರಿಕೆಯನ್ನು ಕೈಬಿಟ್ಟ ಹಾಗೆ ಆಗುತ್ತದೆ. ಅದಕ್ಕೆ ಹೆದರಬೇಡಿ. ಉಳಿದ ಮೂರನ್ನು ಗಟ್ಟಿ ಮಾಡಿಕೊಂಡು, ಬಯಾಲಜಿಯಲ್ಲಿ ಕೋಶ, ಅನುವಂಶೀಯತೆ, ಪರಿಸರದಂಥ ಸುಲಭದ ಪಾಠಗಳನ್ನು ಬೇಸಿಗೆಯಲ್ಲಿ ಓದಿಕೊಂಡರೆ ನಾಲ್ಕೈದು ಪ್ರಶ್ನೆ ಸಿಗಬಹುದು. ಸೇರಿದ ಮೇಲೂ ಶುರುವಿನ ಸೆಮಿಸ್ಟರ್‌ಗಳಲ್ಲಿ ಎಲ್ಲ ವಿಜ್ಞಾನವನ್ನೂ ಓದಬೇಕು, ಲ್ಯಾಬ್ ಕೂಡ ಇರುತ್ತದೆ. ಮೊದಲ ದಿನದಿಂದ ಬರೀ ಗಣಿತ ಬೇಕು ಅನ್ನುವವರಿಗೆ ಇದು ಸ್ವಲ್ಪ ಕಿರಿಕಿರಿ. ಗಣಿತವೋ ಭೌತಶಾಸ್ತ್ರವೋ ಅಂತ ಇನ್ನೂ ಗೊಂದಲದಲ್ಲಿ ಇರುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಇಲ್ಲ.

ಮೂಲ ವಿಜ್ಞಾನದ ಇನ್ನೆರಡು ಸಂಸ್ಥೆಗಳಾದ ಭುವನೇಶ್ವರದ ನೈಸರ್, ಮುಂಬೈನ ಯುಎಂ-ಡಿಎಇ ಕೇಂದ್ರ, ಎರಡಕ್ಕೂ ನೆಸ್ಟ್ ಅನ್ನುವ ಪ್ರವೇಶ ಪರೀಕ್ಷೆ. ಇಲ್ಲೂ 5 ವರ್ಷದ ಇಂಟಿಗ್ರೇಟೆಡ್ ಎಂಎಸ್‌ಸಿ. ನಾಲ್ಕು ವಿಭಾಗಗಳಲ್ಲಿ ನೀವು ಚೆನ್ನಾಗಿ ಮಾಡಿದ ಮೂರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇರುವುದರಿಂದ ಬಯಾಲಜಿ ಇಲ್ಲದವರಿಗೆ ಇದು ಹೆಚ್ಚು ಅನುಕೂಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲೂ ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್‌ಸಿ ಇದೆ. ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯ ಮಕ್ಕಳಿಗೆ ಅದು ಬೆಂಗಳೂರಿಗಿಂತ ಹತ್ತಿರ, ಆದರೂ ಅರ್ಜಿ ಹಾಕುವವರು ಕಡಿಮೆ ಅಂತ ನನ್ನ ಅನಿಸಿಕೆ.

ಇನ್ನು ಬೆಂಗಳೂರಿನಲ್ಲೇ ಎರಡು ರತ್ನಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 4 ವರ್ಷದ ಬಿಎಸ್ ಕೋರ್ಸ್ ಇದೆ. ಗಣಿತವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು, ಬೇಕಾದರೆ ಐದನೇ ವರ್ಷವೂ ಉಳಿದು ಮಾಸ್ಟರ್ಸ್ ಪಡೆಯಬಹುದು. ನಾಲ್ಕನೇ ವರ್ಷಕ್ಕೆ ಸಾಕು ಅನ್ನಿಸಿದರೆ ಪದವಿ ಹಿಡಿದು ಹೊರಡಬಹುದು. ಈ ಅನುಕೂಲ ಎಲ್ಲ ಕಡೆ ಇರುವುದಿಲ್ಲ. ಎರಡನೆಯದು ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆ, ಅಂದರೆ ಐಎಸ್‌ಐ. ಅಲ್ಲಿನ ಬಿ.ಮ್ಯಾಥ್ 3 ವರ್ಷದ ಕೋರ್ಸ್, ಅದಾದ ಮೇಲೆ ಐಎಸ್‌ಐನಲ್ಲೇ 2 ವರ್ಷದ ಎಂ.ಮ್ಯಾಥ್ ಇದೆ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬಿಟ್ಟರೆ ಬೇರೇನೂ ಇಲ್ಲ. ಒಂದು ಭಾಗ ಬಹು ಆಯ್ಕೆಯದು, ಇನ್ನೊಂದು ಭಾಗದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಬೇಕು. ಜೆಇಇ ಕೋಚಿಂಗ್ ಪಡೆದವರು ಈ ಎರಡನೇ ಭಾಗದಲ್ಲಿ ಎಡವುವುದು ಜಾಸ್ತಿ, ಯಾಕೆಂದರೆ ಅಲ್ಲಿ ಉತ್ತರ ಬಂದರೆ ಸಾಲದು. ಚೆನ್ನೈ ಪಕ್ಕದ ಸಿರುಸೇರಿಯಲ್ಲಿರುವ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಸಿಎಂಐನಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಸೇರಿದ ಬಿಎಸ್‌ಸಿ ಆನರ್ಸ್ ಇದೆ. ಅದರ ಪರೀಕ್ಷೆಯೂ ಇದೇ ಸ್ವಭಾವದ್ದು. ಗಣಿತ ಒಲಿಂಪಿಯಾಡ್‌ನಲ್ಲಿ ಐಎನ್‌ಎಂಒ ಅನ್ನುವ ರಾಷ್ಟ್ರ ಮಟ್ಟದ ಹಂತ ದಾಟಿದವರಿಗೆ ಈ ಎರಡೂ ಸಂಸ್ಥೆಗಳಲ್ಲಿ ವಿಶೇಷ ದಾರಿ ಇದೆ, ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಐಐಟಿಗಳಲ್ಲಿ ಜೆಇಇ ಅಡ್ವಾನ್ಸ್ಡ್ ಮೂಲಕ ಗಣಿತದ ಬಿಎಸ್ ಸಿಗುತ್ತದೆ, ಕಾನ್ಪುರ ಮತ್ತು ಬಾಂಬೆಯಲ್ಲಿ ಇವೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೋಚಿಂಗ್ ಸೆಂಟರ್‌ಗಳು ಬೇಕಾದಷ್ಟು ಹೇಳುತ್ತವೆ.

ಉಳಿದದ್ದು ನಮ್ಮ ರಾಜ್ಯದ ಕಾಲೇಜುಗಳ ಬಿಎಸ್‌ಸಿ. ಹೊಸ ಶಿಕ್ಷಣ ನೀತಿಯ ಪ್ರಕಾರ 2021ರಲ್ಲಿ ಇಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ 3 ವರ್ಷಕ್ಕೆ ಮರಳಿತು. ಹಾಗಾಗಿ ಈಗ ಸೇರುವವರಿಗೆ 3 ವರ್ಷ ಬಿಎಸ್‌ಸಿ, 2 ವರ್ಷ ಎಂಎಸ್‌ಸಿ, ಹಳೆಯ ಲೆಕ್ಕವೇ. ಹೊರ ರಾಜ್ಯದಲ್ಲೋ ಖಾಸಗಿ ವಿಶ್ವವಿದ್ಯಾಲಯದಲ್ಲೋ 4 ವರ್ಷದ ಪದವಿ ಮಾಡಿದರೆ ಒಂದೇ ವರ್ಷದ ಮಾಸ್ಟರ್ಸ್‌ಗೆ ಯುಜಿಸಿ ಅವಕಾಶ ಕೊಟ್ಟಿದೆ. ಆದರೆ ಎಲ್ಲ ಒಳ್ಳೆಯ ಗಣಿತ ವಿಭಾಗಗಳೂ ಆ ಒಂದು ವರ್ಷದ ಕೋರ್ಸ್ ನಡೆಸುತ್ತವೆ ಅಂತ ಅಂದುಕೊಳ್ಳಬೇಡಿ. ಎಲ್ಲಿ ಎಂಎಸ್‌ಸಿ ಮಾಡಬೇಕು ಅಂತ ಇದ್ದೀರೋ ಆ ವಿಭಾಗದಲ್ಲಿ ಕೇಳಿ, ಆಮೇಲೆ ಒಂದು ವರ್ಷ ಉಳಿಯಿತು ಅಂತ ಸಂತೋಷಪಡಿ.

ಕೊನೆಯಿಂದ ಹಿಂದಕ್ಕೆ ಪ್ಲಾನ್ ಬರೆಯಿರಿ

ಈ ಭಾಗಕ್ಕೆ ಒಂದು ಇಡೀ ಭಾನುವಾರ ಕೊಡಿ, ಪೆನ್ನು ಹಾಳೆ ಹಿಡಿದು.

ಗಣಿತದಲ್ಲಿ ವಿಷಯಗಳು ಒಂದರ ಮೇಲೆ ಒಂದು ನಿಂತಿವೆ. ಇತಿಹಾಸದಲ್ಲೋ ಅರ್ಥಶಾಸ್ತ್ರದಲ್ಲೋ ಒಂದು ಪತ್ರಿಕೆಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ದೊಡ್ಡ ನಷ್ಟ ಆಗದಿರಬಹುದು, ಇಲ್ಲಿ ಆಗುತ್ತದೆ. ಒಂದು ಉದಾಹರಣೆ ನೋಡಿ. ಐದನೇ ವರ್ಷ ನೀವು ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ಸ್ ಮೇಲೆ ಪ್ರಬಂಧ ಮಾಡಬೇಕು ಅಂದುಕೊಂಡಿದ್ದೀರಿ. ಅದಕ್ಕೆ ಫಂಕ್ಷನಲ್ ಅನಾಲಿಸಿಸ್ ಬೇಕು. ಫಂಕ್ಷನಲ್ ಅನಾಲಿಸಿಸ್‌ಗೆ ಮೆಷರ್ ಥಿಯರಿ ಮತ್ತು ಗಟ್ಟಿ ಲೀನಿಯರ್ ಆಲ್ಜಿಬ್ರಾ ಬೇಕು. ಮೆಷರ್ ಥಿಯರಿಗೆ ಮೆಟ್ರಿಕ್ ಸ್ಪೇಸ್ ಮತ್ತು ರಿಯಲ್ ಅನಾಲಿಸಿಸ್ ಬೇಕು. ಈಗ ಹಿಂದಕ್ಕೆ ಎಣಿಸಿ: ಒಂಬತ್ತನೇ ಸೆಮಿಸ್ಟರ್‌ಗೆ ಪ್ರಬಂಧ ಶುರು, ಎಂಟಕ್ಕೆ ಫಂಕ್ಷನಲ್ ಅನಾಲಿಸಿಸ್, ಏಳಕ್ಕೆ ಮೆಷರ್ ಥಿಯರಿ, ಐದು ಆರಕ್ಕೆ ಮೆಟ್ರಿಕ್ ಸ್ಪೇಸ್, ಮೂರು ನಾಲ್ಕಕ್ಕೆ ರಿಯಲ್ ಅನಾಲಿಸಿಸ್. ಎಲ್ಲೂ ಜಾಗ ಇಲ್ಲ. ರಿಯಲ್ ಅನಾಲಿಸಿಸ್‌ನಲ್ಲಿ ಒಂದು ಸೆಮಿಸ್ಟರ್ ಸುಮ್ನೆ ಪಾಸಾಗಿ ಬಂದರೆ ಅದರ ಪೆಟ್ಟು ಮೂರು ವರ್ಷ ಆದ ಮೇಲೆ ಬೀಳುತ್ತದೆ.

ನಂಬರ್ ಥಿಯರಿ ಕಡೆ ಹೋಗುವವರ ಸಾಲು ಬೇರೆ. ಗ್ರೂಪ್, ಆಮೇಲೆ ರಿಂಗ್, ಆಮೇಲೆ ಫೀಲ್ಡ್ ಮತ್ತು ಗಾಲ್ವಾ ಥಿಯರಿ, ಆಮೇಲೆ ಆಲ್ಜಿಬ್ರಾಯಿಕ್ ನಂಬರ್ ಥಿಯರಿ. ಜೊತೆಗೆ ಕಾಂಪ್ಲೆಕ್ಸ್ ಅನಾಲಿಸಿಸ್ ಬೇಕೇ ಬೇಕು. ಸಂಭವನೀಯತೆಯನ್ನು ಆಳವಾಗಿ ಓದುವವರಿಗೆ ಮತ್ತೆ ಮೆಷರ್ ಥಿಯರಿ. ಜಿಯೊಮೆಟ್ರಿ ಕಡೆಯವರಿಗೆ ಬಹು ಚರಗಳ ಕ್ಯಾಲ್ಕುಲಸ್, ಟೊಪಾಲಜಿ.

ಮೊದಲ ವರ್ಷದಲ್ಲೇ ಏನು ಓದಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಈ ಸಾಲುಗಳಿಗೆಲ್ಲ ಸೇರಿ ಅಡಿಪಾಯ ಆಗುವ ಮೂರು ಹೆಸರು ನೋಡಿ: ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ, ಗ್ರೂಪ್ ಥಿಯರಿ. ಇವು ಮೂರನ್ನು ನಾಲ್ಕನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಗಟ್ಟಿ ಮಾಡಿಕೊಂಡವರಿಗೆ ಎಲ್ಲ ದಾರಿಯೂ ತೆರೆದಿರುತ್ತದೆ. ಗಟ್ಟಿ ಅಂದರೆ ಅಂಕ ಅಲ್ಲ. ಪ್ರಮೇಯವನ್ನು ಪುಸ್ತಕ ಮುಚ್ಚಿ ಬರೆಯಲು ಬರಬೇಕು, ಅದರ ಒಂದು ಷರತ್ತು ತೆಗೆದರೆ ಎಲ್ಲಿ ಮುರಿಯುತ್ತದೆ ಅಂತ ಒಂದು ಉದಾಹರಣೆ ಕೊಡಲು ಬರಬೇಕು.

ನೀವು ಸೇರುವ ಸಂಸ್ಥೆಯ ಸಿಲೆಬಸ್ ತೆಗೆದುಕೊಂಡು, ಪ್ರತಿ ಪತ್ರಿಕೆಯ ಪಕ್ಕ ಅದಕ್ಕೆ ಮೊದಲು ಏನು ಗೊತ್ತಿರಬೇಕು ಅಂತ ಬರೆದು, ಬಾಣ ಹಾಕಿ. ಐಚ್ಛಿಕ ಪತ್ರಿಕೆಗಳಲ್ಲಿ ಕೆಲವು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯಬಹುದು, ಪಾಠ ಮಾಡುವವರು ರಜೆ ಹೋದರೆ ನಡೆಯದೆಯೂ ಇರಬಹುದು. ಸೀನಿಯರ್‌ಗಳನ್ನು ಕೇಳಿದರೆ ಇದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ, ಕೇಳದಿದ್ದರೆ ನಾಲ್ಕನೇ ವರ್ಷದಲ್ಲಿ ತಿಳಿಯುತ್ತದೆ.

ಊರ ಕಾಲೇಜಿನಲ್ಲಿ ಇದ್ದುಕೊಂಡೇ ಮಾಡುವುದು

ಗದಗದಲ್ಲೋ ಹಾಸನದಲ್ಲೋ ಚಾಮರಾಜನಗರದಲ್ಲೋ ಬಿಎಸ್‌ಸಿ ಓದುತ್ತಿರುವವರಿಗೆ ಈ ಭಾಗವನ್ನು ವಿಶೇಷ ಕಾಳಜಿಯಿಂದ ಬರೆಯುತ್ತಿದ್ದೇನೆ. ಎಲ್ಲರಿಗೂ ಪಿಯು ಮುಗಿದ ಬೇಸಿಗೆಯಲ್ಲಿ ಐದಾರು ಪ್ರವೇಶ ಪರೀಕ್ಷೆ ಬರೆಯುವ ಅನುಕೂಲ ಇರುವುದಿಲ್ಲ. ಫೀಸು, ಹಾಸ್ಟೆಲ್, ಮನೆಯ ಪರಿಸ್ಥಿತಿ, ಹೆಣ್ಣುಮಕ್ಕಳಾದರೆ ಅಷ್ಟು ದೂರ ಯಾಕೆ ಅನ್ನುವ ಮಾತು. ಇದರಿಂದ ಗಣಿತದ ಬಾಗಿಲು ಮುಚ್ಚುವುದಿಲ್ಲ. ಎರಡನೇ ಸಲ ತೆರೆಯುತ್ತದೆ, ಬಿಎಸ್‌ಸಿಯ ಮೂರನೇ ವರ್ಷದಲ್ಲಿ.

ನಮ್ಮ ಬಿಎಸ್‌ಸಿ ಸಿಲೆಬಸ್‌ಗಳಲ್ಲಿ ಲೆಕ್ಕ ಮಾಡುವ ಭಾಗ ಜಾಸ್ತಿ, ಸಾಧನೆ (ಪ್ರೂಫ್) ಬರೆಯುವ ಭಾಗ ಕಡಿಮೆ. ಆ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು. ಅದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಜಾಗ ಎಂಟಿಟಿಎಸ್ ಅನ್ನುವ ಗಣಿತ ತರಬೇತಿ ಶಿಬಿರ. 1993ರಿಂದ ನಡೆಯುತ್ತಿದೆ, ಶುರು ಮಾಡಿದವರು ಪ್ರೊಫೆಸರ್ ಎಸ್. ಕುಮರೇಶನ್. ಬೇಸಿಗೆಯಲ್ಲಿ ಸುಮಾರು ನಾಲ್ಕು ವಾರ ಬೆಳಗಿನಿಂದ ಸಂಜೆವರೆಗೆ ಗಣಿತ. ಬಿಎಸ್‌ಸಿ ಎರಡನೇ ವರ್ಷದವರಿಗೆ, ಮೂರನೇ ವರ್ಷದವರಿಗೆ, ಎಂಎಸ್‌ಸಿಯವರಿಗೆ ಬೇರೆ ಬೇರೆ ಹಂತಗಳಿವೆ. ಊಟ, ವಸತಿ ಅವರೇ ಕೊಡುತ್ತಾರೆ. ಅಲ್ಲಿ ಪಾಠ ಬರೆದುಕೊಳ್ಳುವುದಲ್ಲ, ಪ್ರಶ್ನೆ ಕೇಳಿ ಕೇಳಿ ನಿಮ್ಮಿಂದಲೇ ಉತ್ತರ ಹೊರಡಿಸುತ್ತಾರೆ. ಎರಡನೇ ವರ್ಷದಲ್ಲೇ ಅರ್ಜಿ ಹಾಕಿ. ನಿಮ್ಮ ಲೆಕ್ಚರರ್ ಹತ್ತಿರ ಶಿಫಾರಸು ಪತ್ರ ಬೇಕಾಗಬಹುದು, ಮುಂಚೆಯೇ ಮಾತಾಡಿಡಿ. ಪದವಿ ವಿದ್ಯಾರ್ಥಿಗಳಿಗೆ ಮಾಧವ ಗಣಿತ ಸ್ಪರ್ಧೆ ಅಂತ ಒಂದಿದೆ, ಅದನ್ನೂ ಬರೆಯಿರಿ. ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ಗಣಿತಜ್ಞರ ಜೊತೆ ಓದಬಹುದು, ಖರ್ಚಿಗೆ ಹಣವೂ ಕೊಡುತ್ತಾರೆ. ಎನ್‌ಪಿಟಿಇಎಲ್ ಅನ್ನುವ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಆದರೆ ವಿಡಿಯೋ ನೋಡಿದರೆ ಗಣಿತ ಬರುವುದಿಲ್ಲ. ವಾರದ ಪ್ರಶ್ನೆಗಳನ್ನು ಬಿಡಿಸಲೇಬೇಕು.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್‌ಗೆ ಹೆದರುವುದು ಸಹಜ. ಗಣಿತದಲ್ಲಿ ಬೇಕಾಗುವ ಇಂಗ್ಲಿಷ್ ತುಂಬಾ ಸಣ್ಣದು, ಇನ್ನೂರು ಮುನ್ನೂರು ಪದಗಳು ತಿರುಗಿ ತಿರುಗಿ ಬರುತ್ತವೆ ಅಷ್ಟೆ. ಇಬ್ಬರು ಮೂವರು ಗೆಳೆಯರು ಸೇರಿ ಕನ್ನಡದಲ್ಲೇ ವಾದ ಮಾಡಿ, ಬೋರ್ಡಿನ ಮುಂದೆ ನಿಂತು ಒಬ್ಬರಿಗೊಬ್ಬರು ಪಾಠ ಮಾಡಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆದಿಡಿ.

ಜ್ಯಾಮ್ ಗಣಿತ ಪತ್ರಿಕೆ 3 ಗಂಟೆ, 60 ಪ್ರಶ್ನೆ, 100 ಅಂಕ. ಇದರ ಅಂಕದಿಂದ ಐಐಟಿ ಮಾತ್ರ ಅಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತದ ಇಂಟಿಗ್ರೇಟೆಡ್ ಪಿಎಚ್‌ಡಿಗೂ (ಎಂಎಸ್‌ಸಿ, ಪಿಎಚ್‌ಡಿ ಒಟ್ಟಿಗೆ) ಅರ್ಜಿ ಹಾಕಬಹುದು. ಬಿಎಸ್‌ಸಿ ಆದ ಮೇಲೆ ನೇರ ಅಲ್ಲಿಗೆ. ಯಲಹಂಕದಲ್ಲಿರುವ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲೂ ಇಂಥ ಕೋರ್ಸ್ ಇದೆ, ಅದಕ್ಕೆ ಅವರದೇ ಪರೀಕ್ಷೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎಸ್‌ಸಿಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ. ಜ್ಯಾಮ್‌ನಲ್ಲಿ ಸಾಧನೆ ಬರೆಯುವ ಪ್ರಶ್ನೆ ಇಲ್ಲ, ಇಂಟಿಗ್ರೇಟೆಡ್ ಪಿಎಚ್‌ಡಿಯಂಥ ಕೋರ್ಸ್‌ಗಳ ಸಂದರ್ಶನದಲ್ಲಿ ಮಾತ್ರ ಬೋರ್ಡಿನ ಮೇಲೆ ಬರೆಸುತ್ತಾರೆ. ಬರೀ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಹೋದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಹಣ ಮತ್ತು ಕಾಗದ ಪತ್ರ

ಐಎಸ್‌ಐನಲ್ಲಿ ಬೋಧನಾ ಶುಲ್ಕ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಕೂಡ ಕೊಡುತ್ತಾ ಬಂದಿದ್ದಾರೆ, ಆದರೆ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದು ನಿಲ್ಲುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರಲ್ಲಿ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ ಇದೆ. ಎಂಎಸ್‌ಸಿ ಗಣಿತಕ್ಕೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ, ಅಂದರೆ ಎನ್‌ಬಿಎಚ್‌ಎಂ, ಪರೀಕ್ಷೆ ನಡೆಸಿ ವಿದ್ಯಾರ್ಥಿವೇತನ ಕೊಡುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಏಪ್ರಿಲ್‌ಗೆ ಮುಂಚೆಯೇ ಮಾಡಿಸಿಡಿ. ಕೇಂದ್ರ ಸಂಸ್ಥೆಗಳಲ್ಲಿ ಒಬಿಸಿ, ಇಡಬ್ಲ್ಯುಎಸ್ ಮೀಸಲಾತಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು, ರಾಜ್ಯದ್ದು ನಡೆಯುವುದಿಲ್ಲ. ಕೌನ್ಸೆಲಿಂಗ್ ದಿನ ಇದು ಗೊತ್ತಾಗುವುದು ಬೇಡ.

ಇಂಟಿಗ್ರೇಟೆಡ್ ಕೋರ್ಸ್ ಸೇರುವ ಮೊದಲು ಒಂದು ಪ್ರಶ್ನೆ ಮರೆಯದೆ ಕೇಳಿ: ಬ್ಯಾಚುಲರ್ ಪದವಿಯ ಸರ್ಟಿಫಿಕೇಟ್ ಬೇರೆಯಾಗಿ ಕೊಡುತ್ತೀರಾ, ಮಧ್ಯದಲ್ಲಿ ಬಿಟ್ಟರೆ ಯಾವ ವರ್ಷಕ್ಕೆ ಏನು ಸಿಗುತ್ತದೆ? ಮನೆಯಲ್ಲಿ ಏನಾದರೂ ಆಗಿ ಓದು ನಿಲ್ಲಿಸಬೇಕಾಗಿ ಬಂದರೆ ಕೈಯಲ್ಲಿ ಪದವಿ ಇರಬೇಕು, ಅಲ್ವಾ? ಬಿ.ಎಡ್ ಮಾಡಿ ಮೇಷ್ಟರಾಗಬೇಕು ಅನ್ನುವವರಿಗಂತೂ ಇದು ತುಂಬಾ ಮುಖ್ಯ. ಪಾಠ ಹೇಳುವುದೇ ಗುರಿ ಆಗಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ಆರ್‌ಐಇಯಲ್ಲಿ ಗಣಿತದ ಎಂಎಸ್‌ಸಿ ಮತ್ತು ಶಿಕ್ಷಕ ತರಬೇತಿ ಸೇರಿದ ಆರು ವರ್ಷದ ಎಂಎಸ್‌ಸಿ ಎಡ್ ಕೋರ್ಸ್ ನಡೆದುಕೊಂಡು ಬಂದಿದೆ, ಆ ವರ್ಷ ಪ್ರವೇಶ ಇದೆಯಾ ವಿಚಾರಿಸಿ. ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂಎಸ್‌ಸಿಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲಾತಿ ಇರುವವರಿಗೆ ಅಂಕದಲ್ಲಿ ರಿಯಾಯಿತಿ ಇದೆ.

ನಾಲ್ಕನೇ ವರ್ಷದಲ್ಲಿ: ಗೈಡ್ ಹುಡುಕುವುದು

ಪ್ರಬಂಧದ ಗೈಡ್‌ಗಾಗಿ ಒಂಬತ್ತನೇ ಸೆಮಿಸ್ಟರ್ ಶುರುವಾಗುವವರೆಗೆ ಕಾಯಬೇಡಿ. ಏಳನೇ ಸೆಮಿಸ್ಟರ್‌ನಲ್ಲಿ ಯಾರ ಕ್ಲಾಸ್ ಇಷ್ಟವಾಯಿತೋ ಅವರ ಹತ್ತಿರ ಒಂದು ಓದುವ ಕೋರ್ಸ್ ಕೇಳಿ. ವಾರಕ್ಕೊಮ್ಮೆ ಒಂದು ಅಧ್ಯಾಯ ಓದಿ ಅವರ ಮುಂದೆ ಬೋರ್ಡಿನ ಮೇಲೆ ವಿವರಿಸುವುದು. ನಿಮ್ಮಿಬ್ಬರಿಗೂ ಹೊಂದುತ್ತದೆಯಾ ಅಂತ ಅಲ್ಲೇ ತಿಳಿಯುತ್ತದೆ. ದೊಡ್ಡ ಹೆಸರಿನ ಪ್ರಾಧ್ಯಾಪಕರಿಗಿಂತ ವಾರಕ್ಕೆ ಒಂದು ಗಂಟೆ ನಿಜವಾಗಿ ಕೊಡುವವರು ಮೇಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಬೇರೆ ಸಂಸ್ಥೆಯವರಿಗೆ ಈಮೇಲ್ ಬರೆಯುವುದಾದರೆ ಐದಾರು ಸಾಲು ಸಾಕು. ನೀವು ಯಾರು, ಯಾವ ಪತ್ರಿಕೆಗಳನ್ನು ಮುಗಿಸಿದ್ದೀರಿ, ಸ್ವಂತವಾಗಿ ಏನು ಓದಿದ್ದೀರಿ, ಎಲ್ಲಿ ನಿಂತಿದ್ದೀರಿ, ಯಾವ ತಿಂಗಳು ಬರಬಲ್ಲಿರಿ. "ನಿಮ್ಮ ಸಂಶೋಧನೆ ನನಗೆ ತುಂಬಾ ಇಷ್ಟ" ಅಂತ ಅವರ ಒಂದು ಪುಟವನ್ನೂ ಓದದೆ ಬರೆಯಬೇಡಿ. ಓದಿ ಅರ್ಥವಾಗದ ಒಂದು ಜಾಗದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಗಲೂ ಬರದಿದ್ದರೆ ಮುಂದಿನವರಿಗೆ ಬರೆಯಿರಿ.